ಪ್ರತಿ ಬೀದಿಯನ್ನೂ ನಡೆಯುವ ಕೆಲಸ: ಒಂಬತ್ತನೇ ಭಾನುವಾರದ ಹೊತ್ತಿಗೆ

ಒಂಬತ್ತು ನಡಿಗೆ ಮುಗಿದವು. ಗೋಡೆಗೆ ಅಂಟಿಸಿರುವ ನಕ್ಷೆಯಲ್ಲಿ ಈಗ ಬಿಳಿಗಿಂತ ಬಣ್ಣವೇ ಜಾಸ್ತಿ. ಒಟ್ಟು ನಡೆದದ್ದು 47 ಕಿಲೋಮೀಟರ್. ಅದರಲ್ಲಿ ಹೊಸ ಬೀದಿಗಳು 36 ಕಿಲೋಮೀಟರ್. ಉಳಿದ 11 ಕಿಲೋಮೀಟರ್ ನಡೆದ ದಾರಿಯಲ್ಲೇ ಮತ್ತೆ ನಡೆದದ್ದು. ಈ 11ರ ಬಗ್ಗೆಯೇ ಈ ಸಲ ಬರೆಯಬೇಕು ಅಂದುಕೊಂಡಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಮ್ಮದು ಭಾನುವಾರ ಬೆಳಗ್ಗೆ ಸೇರುವ ಗುಂಪು. ಹನ್ನೆರಡರಿಂದ ಹದಿನೈದು ಜನ ಬರುತ್ತಾರೆ. ನಗರದ ಹಳೆಯ ಭಾಗದಲ್ಲಿರುವ ಪ್ರತಿ ಬೀದಿ, ಪ್ರತಿ ಸಂದಿಯಲ್ಲೂ ಒಂದು ಸಲವಾದರೂ ಕಾಲಿಡಬೇಕು. ಇಷ್ಟೇ ಗುರಿ. ಬೇರೆ ಕಡೆ ಇದನ್ನು ಮಾಡಿದವರಿದ್ದಾರೆ. ಮ್ಯಾಟ್ ಗ್ರೀನ್ ಎಂಬವರು 2011ರ ಕೊನೆಗೆ ನ್ಯೂಯಾರ್ಕಿನ ಎಲ್ಲ ಬೀದಿಗಳನ್ನೂ ನಡೆಯಲು ಹೊರಟರು. ರಿಕಿ ಗೇಟ್ಸ್ 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಲ್ಲ ಬೀದಿಗಳಲ್ಲೂ ಓಡಿದರು. ಒಬ್ಬರೇ ಹೊರಟಾಗ ಕಾಲು ಹೇಳಿದಂತೆ ಹೋಗಬಹುದು. ಹದಿನೈದು ಜನ ಹೊರಟರೆ ಹಾಗಲ್ಲ. ದಾರಿ ಮೊದಲೇ ಗೊತ್ತಿರಬೇಕು, ಹೊರಟ ಜಾಗಕ್ಕೇ ವಾಪಸ್ ಬರಬೇಕು, ಎರಡು ಗಂಟೆಯೊಳಗೆ ಮುಗಿಯಬೇಕು.

ಗುಂಪಿನಲ್ಲಿ ನಡೆಯುವ ರೀತಿಯನ್ನು ನಾವು ಜೇನ್ಸ್ ವಾಕ್‌ನಿಂದ ಕಲಿತೆವು. ನಗರಗಳ ಬಗ್ಗೆ ಬರೆಯುತ್ತಿದ್ದ ಜೇನ್ ಜೇಕಬ್ಸ್ 2006ರಲ್ಲಿ ತೀರಿಕೊಂಡರು. ಮರುವರ್ಷ ಟೊರಾಂಟೋದಲ್ಲಿ ಅವರ ಗೆಳೆಯರು ಅವರ ನೆನಪಿಗೆ ಈ ನಡಿಗೆ ಶುರು ಮಾಡಿದರು. ಈಗ ಬೇರೆ ಬೇರೆ ದೇಶಗಳ ಊರುಗಳಲ್ಲಿ ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ನಡೆಯುತ್ತದೆ. ಅಲ್ಲಿ ಮುಂದೆ ನಿಂತು ಮಾತಾಡುವವರು ಪರಿಣತರೇ ಆಗಬೇಕಿಲ್ಲ. ಆ ಬೀದಿಯನ್ನು ಬಲ್ಲವರು ಯಾರಾದರೂ ಸರಿ. ನಮ್ಮಲ್ಲೂ ಅದೇ ನಿಯಮ. ನಾವು ಹೋಗುವ ಬೀದಿಯಲ್ಲಿ ಗುಂಪಿನ ಯಾರಾದರೂ ವಾಸವಿದ್ದರೆ, ಹಿಂದೆ ಇದ್ದಿದ್ದರೆ, ಓದಿದ್ದರೆ, ಕೆಲಸ ಮಾಡಿದ್ದರೆ ಮೊದಲ ಮಾತು ಅವರದು.

ಮೊದಲ ಎರಡು ನಡಿಗೆಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ದೊಡ್ಡ ರಸ್ತೆಗಳು, ನೇರ ದಾರಿ. ಮೂರನೆಯದರಲ್ಲಿ ಸಿಕ್ಕಿಕೊಂಡೆವು. ಸಣ್ಣ ಬೀದಿಗಳ ಒಂದು ಭಾಗ. ನಾನು ಹಿಂದಿನ ರಾತ್ರಿ ಪೆನ್ಸಿಲ್ ಹಿಡಿದು ಕೂತೆ. ಯಾವ ಬೀದಿಯೂ ಎರಡು ಸಲ ಬರದಂತೆ ದಾರಿ ಎಳೆಯಲು ನೋಡಿದೆ. ಎಲ್ಲಿಂದ ಹೊರಟರೂ ಕೊನೆಗೆ ಒಂದೆರಡು ಬೀದಿ ಉಳಿದೇಹೋಗುತ್ತಿತ್ತು. ಬೆಳಗ್ಗೆ ಆ ಹಾಳೆಯನ್ನು ನಮ್ಮ ಗುಂಪಿನ ಮೇಷ್ಟ್ರಿಗೆ ತೋರಿಸಿದೆ. ಅವರು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು.

"ಇದು ಆಗೋದಿಲ್ಲಮ್ಮ. ನಿನ್ನ ತಪ್ಪಲ್ಲ" ಅಂದರು. ಅಲ್ಲೇ ಕಟ್ಟೆಯ ಮೇಲೆ ಕೂತು ಕೋನಿಗ್ಸ್‌ಬರ್ಗ್ ಊರಿನ ಕಥೆ ಹೇಳಿದರು. ಪ್ರೆಗೆಲ್ ನದಿ, ಅದರ ಮೇಲೆ 7 ಸೇತುವೆ. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಬಹುದೇ ಎಂಬುದು ಅಲ್ಲಿಯವರ ಪ್ರಶ್ನೆ. 1736ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಆಗುವುದಿಲ್ಲ ಎಂದು ತೋರಿಸಿದರು. ಕಾರಣ ತುಂಬ ಸರಳ. ಒಂದು ಜಾಗಕ್ಕೆ ಬಂದರೆ ಅಲ್ಲಿಂದ ಹೊರಡಲೂ ಒಂದು ದಾರಿ ಬೇಕು. ಬರಲು ಒಂದು, ಹೋಗಲು ಒಂದು. ಹಾಗಾಗಿ ಪ್ರತಿ ಜಾಗದಲ್ಲೂ ಸೇರುವ ದಾರಿಗಳು ಸಮ ಸಂಖ್ಯೆಯಲ್ಲಿರಬೇಕು. ಆಗ ಮಾತ್ರ ಒಂದನ್ನೂ ಮತ್ತೆ ತುಳಿಯದೆ ಎಲ್ಲವನ್ನೂ ಸುತ್ತಿ ಹೊರಟಲ್ಲಿಗೇ ಬರಬಹುದು. ನದಿ ಆ ಊರನ್ನು ನಾಲ್ಕು ತುಂಡು ಮಾಡಿತ್ತು, ನಾಲ್ಕೂ ಕಡೆ ಬೆಸ ಸಂಖ್ಯೆ. ಒಂದು ಕಡೆ 5 ಸೇತುವೆ, ಉಳಿದ ಮೂರು ಕಡೆ ಮೂರು ಮೂರು.

ಕೇಳುತ್ತಾ ಕೇಳುತ್ತಾ ನನ್ನ ನಕ್ಷೆ ಬೇರೆಯಾಗಿ ಕಾಣತೊಡಗಿತು. ಬೀದಿಗೆ ಬೀದಿ ಅಡ್ಡ ಹಾಯುವಲ್ಲಿ ನಾಲ್ಕು ದಾರಿ. ಅದು ಸಮ, ತೊಂದರೆಯಿಲ್ಲ. ಒಂದು ಬೀದಿ ಇನ್ನೊಂದಕ್ಕೆ ಬಂದು ಮುಟ್ಟಿ ನಿಂತರೆ ಮೂರು ದಾರಿ. ಅದು ಬೆಸ. ಮುಂದೆ ದಾರಿಯಿಲ್ಲದ ಸಂದಿಯ ತುದಿಯಲ್ಲಿ ಒಂದೇ ದಾರಿ. ಅದೂ ಬೆಸ. ಹಳೆಯ ಬಡಾವಣೆಗಳಲ್ಲಿ ಈ ಎರಡೇ ಜಾಸ್ತಿ ಅಲ್ವಾ?

ಹಾಗಾದರೆ ಕೆಲವನ್ನು ಎರಡು ಸಲ ನಡೆಯಲೇಬೇಕು. ಯಾವುದನ್ನು ಎಂಬುದೇ ಪ್ರಶ್ನೆ. ಇದಕ್ಕೂ ಹೆಸರಿದೆ. ಚೀನಾದ ಗಣಿತಜ್ಞ ಗುವಾನ್ ಮೇಗು 1960ರಲ್ಲಿ ಇದನ್ನು ಅಂಚೆಯವನ ಲೆಕ್ಕವಾಗಿ ಬರೆದರು. ಅಂಚೆಯವನು ಪ್ರತಿ ಬೀದಿಗೂ ಹೋಗಿ ಕಚೇರಿಗೆ ಮರಳಬೇಕು, ಒಟ್ಟು ದೂರ ಕಡಿಮೆ ಇರಬೇಕು. ದಾರಿ ಹುಡುಕುವ ಕ್ರಮ ಹೀಗೆ. ಬೆಸ ಜಾಗಗಳನ್ನೆಲ್ಲ ಗುರುತು ಮಾಡಿ. ಅವುಗಳನ್ನು ಎರಡೆರಡಾಗಿ ಜೋಡಿಸಿ. ಜೋಡಿಯ ನಡುವಿನ ದಾರಿಯನ್ನು ಮತ್ತೊಮ್ಮೆ ನಡೆಯಿರಿ. ಎಲ್ಲ ಜೋಡಿಗಳ ದೂರ ಕೂಡಿಸಿದರೆ ಆದಷ್ಟು ಕಡಿಮೆ ಬರುವಂತೆ ಜೋಡಿಸಿದರೆ ಆಯಿತು.

ಮುಂದಿನ ವಾರದ ಭಾಗಕ್ಕೆ ನಾನೇ ಲೆಕ್ಕ ಹಾಕಿದೆ. ಬೆಸ ಜಾಗಗಳು 15 ಬಂದವು. ಮೇಷ್ಟ್ರು ನಕ್ಷೆಯನ್ನು ನೋಡುವ ಮೊದಲೇ "15 ಬರೋಕೆ ಸಾಧ್ಯವಿಲ್ಲ, ಮತ್ತೆ ಎಣಿಸು" ಅಂದರು. ಪ್ರತಿ ಬೀದಿಗೂ ಎರಡು ತುದಿ. ಎಲ್ಲ ತುದಿಗಳನ್ನು ಕೂಡಿಸಿದರೆ ಸಮ ಸಂಖ್ಯೆಯೇ ಬರಬೇಕು. ಅಂದಮೇಲೆ ಬೆಸ ಜಾಗಗಳ ಸಂಖ್ಯೆಯೂ ಸಮವೇ ಇರಬೇಕು. ಯಾವ ಊರಾದರೂ ಸರಿ, ಎಷ್ಟು ಸಿಕ್ಕಾದರೂ ಸರಿ. ನನಗೆ ಇದು ಎಷ್ಟು ಇಷ್ಟವಾಯಿತು ಎಂದರೆ ಆ ದಿನವೆಲ್ಲ ಅದನ್ನೇ ಯೋಚಿಸುತ್ತಿದ್ದೆ. ಮತ್ತೆ ಎಣಿಸಿದೆ. ಒಂದು ಸಣ್ಣ ಸಂದಿಯ ತುದಿಯನ್ನು ಬಿಟ್ಟಿದ್ದೆ. ಅದು ಸೇರಿ 16. ಅಂದರೆ ಎಂಟು ಜೋಡಿ, ಎಂಟು ಕಡೆ ಮರುನಡಿಗೆ.

ಭಾನುವಾರ ಆ ಸಂದಿಗೆ ಹೋದೆವು. ನಕ್ಷೆಯಲ್ಲಿ ಅದು ಗೋಡೆಗೆ ಮುಗಿಯುತ್ತದೆ. ಹತ್ತಿರ ಹೋದರೆ ಗೋಡೆಯ ಪಕ್ಕದಲ್ಲಿ ಒಬ್ಬರು ಹಿಡಿಸುವಷ್ಟು ಅಗಲದ ಮೆಟ್ಟಿಲು! ಎಣಿಸಿದೆವು, 22 ಮೆಟ್ಟಿಲು. ಕೆಳಗೆ ಇಳಿದರೆ ಮೂರು ದಾರಿ ಸೇರುವ ಜಾಗ. ಮೆಟ್ಟಿಲು ಸೇರಿದ್ದರಿಂದ ಅಲ್ಲಿ ಈಗ ನಾಲ್ಕು ದಾರಿ. ಮೇಲಿನ ತುದಿಯಲ್ಲಿ ಎರಡು. ಎರಡೂ ಬೆಸ ಜಾಗಗಳು ಒಟ್ಟಿಗೇ ಸಮವಾದವು. 16 ಇದ್ದದ್ದು 14 ಆಯಿತು, ಎಂಟು ಜೋಡಿ ಏಳಾಯಿತು. ಮೇಷ್ಟ್ರು ಕೊನೆಯ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ಆ ಸಂತೋಷವನ್ನು ನಾನು ಮರೆಯುವುದಿಲ್ಲ.

ಮೆಟ್ಟಿಲನ್ನು ಆ ಸಂಜೆಯೇ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿದೆ. ಅದು 2004ರಲ್ಲಿ ಸ್ಟೀವ್ ಕೋಸ್ಟ್ ಬ್ರಿಟನ್‌ನಲ್ಲಿ ಶುರು ಮಾಡಿದ ನಕ್ಷೆ. ಯಾರು ಬೇಕಾದರೂ ತಿದ್ದಬಹುದು. ಮೆಟ್ಟಿಲಿಗೆ, ಕಾಲುದಾರಿಗೆ ಬೇರೆ ಬೇರೆ ಗುರುತುಗಳಿವೆ, ಮೆಟ್ಟಿಲು ಎಷ್ಟು ಎಂದೂ ಬರೆಯಬಹುದು. ಗಾಲಿಕುರ್ಚಿಯವರಿಗೂ ಮಗುವಿನ ಗಾಡಿ ತಳ್ಳುವವರಿಗೂ ಈ ಗುರುತು ಬೇಕು. ಸುಮ್ನೆ ಗೆರೆ ಎಳೆದು ಬಿಡಬೇಡಿ.

ಫೋನಿನ ಜಿಪಿಎಸ್ ಗೆರೆಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿವೆ. ಬಯಲಿನಲ್ಲಿ ಫೋನು ಐದಾರು ಮೀಟರಿನೊಳಗೆ ಸರಿಯಾಗಿ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ತಾಗಿ ಸುತ್ತಿ ಬರುತ್ತದೆ. ಆಗ ನಾವು ಪಕ್ಕದ ಬೀದಿಯಲ್ಲಿ ಹೋದಂತೆ ಗೆರೆ ಮೂಡುತ್ತದೆ. ಐದನೇ ನಡಿಗೆಯಲ್ಲಿ ಹೀಗಾಗಿ ಒಂದು ಇಡೀ ಸಂದಿ ನಡೆಯದೇ ಉಳಿದಿತ್ತು, ಗೆರೆ ನೋಡಿ ನಡೆದಿದ್ದೇವೆ ಅಂದುಕೊಂಡಿದ್ದೆವು. ಅಂದಿನಿಂದ ಕಾಗದದ ನಕ್ಷೆಯೂ ಜೊತೆಗಿರುತ್ತದೆ. ಮೊದಲ ಸಲಕ್ಕೆ ನೀಲಿ ಸ್ಕೆಚ್ ಪೆನ್, ಎರಡನೇ ಸಲಕ್ಕೆ ಕೆಂಪು.

ಆರನೇ ನಡಿಗೆಯಲ್ಲಿ ಲೆಕ್ಕ ಸರಿಯಿತ್ತು, ನಾನು ಸರಿಯಿರಲಿಲ್ಲ. ಮುಂದೆ ದಾರಿಯಿರದ ಒಂದು ಸಂದಿಗೆ ಹದಿನಾಲ್ಕು ಜನ ಒಟ್ಟಿಗೆ ಹೋದೆವು. ಎಲ್ಲರ ಕೈಯಲ್ಲೂ ಫೋನು. ಕೊನೆಯ ಮನೆಯ ಹೆಂಗಸು ಬಾಗಿಲಿಗೆ ಬಂದು ಗಾಬರಿಯಿಂದ "ಏನಾಯ್ತು? ಯಾರು ನೀವೆಲ್ಲ?" ಎಂದು ಕೇಳಿದರು. ಮನೆ ಒಡೆಯಲು ಅಳತೆಗೆ ಬಂದವರು ಎಂದು ತಿಳಿದಿದ್ದರು. ನಾವು ವಿವರಿಸಿದೆವು, ಅವರು ನಕ್ಕರು. ಆದರೂ ಅವರ ಕೈ ನಡುಗುತ್ತಿದ್ದದ್ದನ್ನು ನಾನು ನೋಡಿದೆ. ಆ ಸಂದಿ ನಮಗೆ ನಕ್ಷೆಯ ಮೇಲಿನ ತುದಿ, ಅವರಿಗೆ ಅಂಗಳ. ಈಗ ಇಂಥ ಕಡೆ ನಾಲ್ಕೇ ಜನ ಒಳಗೆ ಹೋಗುತ್ತೇವೆ, ಉಳಿದವರು ಸಂದಿಯ ಬಾಯಲ್ಲೇ ನಿಲ್ಲುತ್ತಾರೆ. ಫೋನು ಜೇಬಿನಲ್ಲಿ. ಯಾರಾದರೂ ಕಂಡರೆ ಮೊದಲು ನಮಸ್ಕಾರ, ಆಮೇಲೆ ಮಾತು. ಗುಂಪು ಕಟ್ಟಿಕೊಂಡು ನಡೆಯುವವರು ಇದನ್ನು ಮೊದಲ ದಿನದಿಂದಲೇ ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಏಳನೆಯದರಿಂದ ನಮ್ಮ ಜೊತೆ ಒಬ್ಬರು ಅಜ್ಜಿ ಬರುತ್ತಿದ್ದಾರೆ. ನಿಧಾನ ನಡೆಯುತ್ತಾರೆ, ಆದರೆ ನಿಲ್ಲುವುದಿಲ್ಲ. ಮೊದಲ ದಿನ ಅವರನ್ನು ಹಿಂದೆ ಬಿಟ್ಟುಬಿಟ್ಟೆವು. ಮುಂದಿದ್ದವರು ತಿರುವು ದಾಟಿ ಹೋಗಿದ್ದರು. ಆಮೇಲೆ ಅವರನ್ನೇ ಮುಂದೆ ಕಳಿಸಿದೆವು, ಹಳದಿ ಟೋಪಿ ಹಾಕಿದ ಒಬ್ಬರು ಕೊನೆಯಲ್ಲಿ ಉಳಿಯುತ್ತಾರೆ. ಗುಂಪು ಮತ್ತೆ ಹರಿದಿಲ್ಲ.

ಅವರ ವೇಗವನ್ನು ಅವರ ಒಪ್ಪಿಗೆಯಿಂದಲೇ ಅಳೆದೆವು. ಸೆಕೆಂಡಿಗೆ 0.8 ಮೀಟರ್. ಅಳೆದದ್ದಕ್ಕೆ ಕಾರಣವಿದೆ. ಪಾದಚಾರಿ ಸಿಗ್ನಲ್‌ಗಳ ಸಮಯ ಲೆಕ್ಕ ಹಾಕುವಾಗ ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಲವು ದೇಶಗಳಲ್ಲಿ ಹಿಡಿಯುತ್ತಾರೆ. 15 ಮೀಟರ್ ಅಗಲದ ರಸ್ತೆ ಎಂದರೆ ಆ ವೇಗದಲ್ಲಿ ಹನ್ನೆರಡೂವರೆ ಸೆಕೆಂಡು. ಅಜ್ಜಿಗೆ ಸುಮಾರು 19 ಸೆಕೆಂಡು ಬೇಕು. ಆ ಆರು ಸೆಕೆಂಡು ಅವರು ರಸ್ತೆಯ ನಡುವೆ ಇರುತ್ತಾರೆ. ಇದು ಅವರ ನಿಧಾನವಲ್ಲ, ಸಿಗ್ನಲಿನ ಅವಸರ. ಈಗ ನಾನು ದಾರಿ ಹಾಕುವಾಗ ನಡುವೆ ನಿಲ್ಲಲು ಕಟ್ಟೆ ಇರುವಲ್ಲೇ ದೊಡ್ಡ ರಸ್ತೆ ದಾಟಿಸುತ್ತೇನೆ. ಅದರಿಂದ ಎರಡು ಸಲ ದೂರ ಹೆಚ್ಚಾಯಿತು. ಆಗಲಿ.

ಇನ್ನು ಆ ಕೆಂಪು ಗೆರೆಗಳು. ಮೊದಮೊದಲು ಕೆಂಪು ಕಡಿಮೆಯಾದಷ್ಟೂ ಒಳ್ಳೆಯದು ಎಂದೇ ಹಟ ಹಿಡಿದಿದ್ದೆ. ಎಂಟನೇ ನಡಿಗೆಯಲ್ಲಿ ಒಂದು ಬಾಗಿದ ಬೀದಿ ಇತ್ತು. ಮೇಲಿನಿಂದ ಇಳಿದು ಬಂದೆವು, ವಿಶೇಷವೇನೂ ಕಾಣಲಿಲ್ಲ. ಜೋಡಿ ಲೆಕ್ಕದಲ್ಲಿ ಅದೇ ಬೀದಿಯನ್ನು ಮತ್ತೆ ಹತ್ತಬೇಕಿತ್ತು. ಹತ್ತುವಾಗ ಎದುರಿನ ಕಟ್ಟಡದ ನೆತ್ತಿಯಲ್ಲಿ ಗಾರೆಯ ಅಕ್ಷರ ಕಂಡಿತು. ಇಳಿಯುವಾಗ ಅದು ನಮ್ಮ ಬೆನ್ನಿಗಿತ್ತು. ಪಕ್ಕದ ಗೋಡೆಯಲ್ಲಿ ಸುಣ್ಣದ ಕೆಳಗೆ ಹಳೆಯ ಅಂಗಡಿ ಬೋರ್ಡಿನ ಬಣ್ಣ ಇತ್ತು. ಓರೆ ಬಿಸಿಲು ಬಿದ್ದಿದ್ದರಿಂದ ಅಷ್ಟೇ ಓದಲು ಬಂತು. ಬೀದಿ ಯಾಕೆ ಬಾಗಿದೆ ಎಂದು ಹೊಳೆದದ್ದೂ ಹತ್ತುವಾಗಲೇ. ಸುತ್ತಲಿನ ಬೀದಿಗಳೆಲ್ಲ ನೇರ, ಇದೊಂದೇ ಬಳುಕಿದೆ. ಎರಡೂ ಕಡೆಯ ನೆಲ ಇದರತ್ತ ಇಳಿಯುತ್ತದೆ. ಕಲ್ಲುಹಾಸಿನ ಅಡಿಯಲ್ಲಿ ನೀರು ಹರಿಯುವ ಸದ್ದು. ಒಂದು ಕಾಲದ ಹಳ್ಳದ ಮೇಲೆ ನಾವು ನಡೆಯುತ್ತಿದ್ದೆವು.

"ನಾನು ಚಿಕ್ಕವಳಿದ್ದಾಗ ಇಲ್ಲಿ ಕಾಲು ನೆನೆಸ್ತಿದ್ವಿ" ಎಂದು ಅಜ್ಜಿ ಹೇಳಿದರು. ಇಳಿಯುವಾಗ ಅವರಿಗೂ ಗುರುತು ಸಿಕ್ಕಿರಲಿಲ್ಲವಂತೆ. ಬಾಲ್ಯದಲ್ಲಿ ಅವರು ಶಾಲೆಯಿಂದ ಮನೆಗೆ ಹತ್ತುತ್ತಿದ್ದ ದಿಕ್ಕು ಅದು.

ಒಂಬತ್ತನೆಯದಕ್ಕೆ ದಾರಿ ಹಾಕುವಾಗ ಒಂದು ಬದಲಾವಣೆ ಮಾಡಿದೆ. ಎರಡು ಸಲ ನಡೆಯಲೇಬೇಕಾದ ಬೀದಿಗಳಲ್ಲಿ ಎರಡನೇ ಸಲ ಆದಷ್ಟೂ ಎದುರು ದಿಕ್ಕಿನಿಂದ ಬರುವಂತೆ, ನಡುವೆ ಅರ್ಧ ಗಂಟೆಯಾದರೂ ಇರುವಂತೆ ಜೋಡಿಸಿದೆ. ಬಿಸಿಲು ಅಷ್ಟರಲ್ಲಿ ಸ್ವಲ್ಪ ಸರಿದಿರುತ್ತದೆ. ಒಟ್ಟು ದೂರ ಅಷ್ಟೇ ಉಳಿಯಿತು. ನೋಟ್‌ಬುಕ್ಕಿನಲ್ಲಿ ಆ ದಿನ ಬರೆದುಕೊಂಡ ಹದಿನೇಳು ಟಿಪ್ಪಣಿಗಳಲ್ಲಿ ಹತ್ತು ಕೆಂಪು ಗೆರೆಯ ಬೀದಿಗಳವು.

ಮುಂದಿನ ಭಾನುವಾರ ರೈಲು ಹಳಿಯ ಆಚೆಗೆ. ಆ ಭಾಗಕ್ಕೆ ಹೋಗಲು ಒಂದೇ ಒಂದು ಕೆಳಸೇತುವೆ ಇದೆ. ಹೋಗುವಾಗಲೂ ಬರುವಾಗಲೂ ಅದರಲ್ಲೇ ಹಾಯಬೇಕು, ಯಾವ ಜೋಡಿ ಲೆಕ್ಕವೂ ಅದನ್ನು ತಪ್ಪಿಸಲಾರದು. ಹಳಿಯ ಆಚೆ ಬೆಸ ಜಾಗಗಳು 20 ಎಂದು ಎಣಿಸಿದ್ದೇನೆ. ಅವುಗಳಲ್ಲಿ ನಾಲ್ಕು ಸಂದಿಯ ತುದಿಗಳು. ಅಲ್ಲಿಯೂ ಎಲ್ಲಾದರೂ ಮೆಟ್ಟಿಲಿದೆಯೇ ನೋಡಬೇಕು. ಕೆಂಪು ಪೆನ್ನು ಖಾಲಿಯಾಗಿದೆ, ಹೊಸದು ತಂದಿಟ್ಟಿದ್ದೇನೆ.