ಬೆಲ್ಲಕ್ಕೆ 104, ರಾಗಿಗೆ 5

ಮಂಡ್ಯ, 8 ಜೂನ್ 2025, ಭಾನುವಾರ

ಊಟದ ತಟ್ಟೆ ಎತ್ತುವ ಮೊದಲೇ ಅಕ್ಕನ ಮಗಳು ಸ್ಕ್ರ್ಯಾಬಲ್ ಹಲಗೆ ಬಿಡಿಸಿದಳು. ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ, ಒಂದೊಂದು ಅಕ್ಷರಕ್ಕೂ ಇಂತಿಷ್ಟು ಅಂಕ. ಮೈಸೂರಲ್ಲಿ ಓದುವ ಹುಡುಗಿ. ಶುರುವಲ್ಲೇ ಕ್ಯೂ ಪಕ್ಕ ಐ ಇಟ್ಟು ಹಲಗೆಯ ನಡುಮನೆಯ ದುಪ್ಪಟ್ಟು ಸೇರಿ 22 ಅಂಕಕ್ಕೆ ಕೈಚಾಚಿದಳು. ಹಾಗಂದ್ರೆ ಏನೇ ಅಂದೆ. "ಗೊತ್ತಿಲ್ಲ ಮಾಮ, ಪಟ್ಟೀಲಿದೆ." ಆಟದಲ್ಲಿ ನಡೆಯುವ ಪದಗಳ ಪಟ್ಟಿ, ಕಾಲಿನ್ಸ್‌ನದು. ಚೀನೀಯರು ಪ್ರಾಣಶಕ್ತಿಗೆ ಹೇಳುವ ಮಾತು ಅದು, ಉಚ್ಚಾರ 'ಚಿ' ಅಂತ ಹೇಳಿದೆ. ಅವಳಿಗೆ ಅದರಿಂದ ಏನೂ ಆಗಬೇಕಿರಲಿಲ್ಲ.

ಆಟಕ್ಕೆ ಅರ್ಥ ಬೇಕಿಲ್ಲ, ಒಪ್ಪಿದೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದ, ಬರೀ ಪದಗಳನ್ನು ಉರು ಹೊಡೆದು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದ. ನನಗೆ ಅಂಥ ತಲೆ ಇಲ್ಲ. ಈ ವಯಸ್ಸಲ್ಲಿ ಒಂದು ಪದ ತಲೆಯಲ್ಲಿ ನಿಲ್ಲಬೇಕಾದರೆ ಅದಕ್ಕೊಂದು ಊರು, ಒಂದು ಕಸುಬು ಇರಬೇಕು.

ಎರಡು ಎ ಸೇರಿದರೆ ಒಂದು ಪದ: ಹವಾಯಿ ದ್ವೀಪದ ಒರಟು ಲಾವಾ, ಬರಿಗಾಲಲ್ಲಿ ನಡೆದರೆ ಅಂಗಾಲು ಕಿತ್ತುಬರುವಂಥದ್ದು. ಎ, ಐ ಅಂದರೆ ದಕ್ಷಿಣ ಅಮೆರಿಕದ ಮೂರು ಬೆರಳಿನ ಸ್ಲಾತ್ ಅನ್ನುವ ನಿಧಾನದ ಪ್ರಾಣಿ. ಈಗಿನ ಹುಡುಗರು ಬೇರೇನೋ ಅಂದುಕೊಳ್ಳುತ್ತಾರೆ, ಬಿಡಿ. ಸ್ವರವೇ ಇಲ್ಲದ ಸಿ-ಡಬ್ಲ್ಯು-ಎಂ ಕೂಡ ನಡೆಯುತ್ತದೆ. ವೇಲ್ಸ್ ಭಾಷೆಯಲ್ಲಿ ಡಬ್ಲ್ಯುವೇ ಸ್ವರ. 'ಕೂಮ್' ಅನ್ನಬೇಕು, ಅರ್ಥ ಕಣಿವೆ. ಎವರೆಸ್ಟ್ ಹತ್ತುವವರು ದಾಟುವ ವೆಸ್ಟರ್ನ್ ಕೂಮ್ ಇದೇ.

ನನಗೆ ಅಚ್ಚುಮೆಚ್ಚು ಖನಾತ್. ಕ್ಯೂ-ಎ-ಎನ್-ಎ-ಟಿ, 14 ಅಂಕ. ಕೈಲಿ ಕ್ಯೂ ಇದ್ದು ಯು ಸಿಗದೆ ಒದ್ದಾಡುವಾಗ ಬದುಕಿಸುವ ಪದ. ಇರಾನಿನಲ್ಲಿ ಬೆಟ್ಟದ ಬುಡದಿಂದ ನೆಲದೊಳಗೇ ಸುರಂಗ ಕೊರೆದು, ಪಂಪಿಲ್ಲದೆ, ಬರೀ ಇಳಿಜಾರಿನಲ್ಲಿ ಹೊಲದವರೆಗೆ ನೀರು ಹರಿಸುತ್ತಾರೆ. ನಡುನಡುವೆ ಬಾವಿಯಂಥ ಕಿಂಡಿಗಳು, ಮಣ್ಣು ಎತ್ತಲು, ಗಾಳಿ ಆಡಲು. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳ ಸುರಂಗಗಳೂ ಹೆಚ್ಚುಕಡಿಮೆ ಇದೇ ಜಾತಿ. ನಾಲೆ ನೀರು ಯಾವಾಗ ಬಿಡುತ್ತಾರೋ ಅಂತ ಕಾಯುತ್ತಾ ಬೆಳೆದವನಿಗೆ ಇಂಥ ಪದ ಮರೆತುಹೋಗುತ್ತದೆಯೇ?

ನಮ್ಮ ಕಡೆಯ ಸರಕೂ ಆ ಪಟ್ಟಿಯಲ್ಲಿ ಸಾಕಷ್ಟಿದೆ. ಸಾಂಬಾರ್ ಇಟ್ಟರೆ ಯಾರೂ ಬೇಡ ಅನ್ನುವಂತಿಲ್ಲ. ಆದರೆ ಆ ಕಾಗುಣಿತಕ್ಕೆ ಪಟ್ಟಿ ಕೊಡುವ ಅರ್ಥ ಬಂಡೀಪುರದ ಕಡವೆ, ಅನ್ನಕ್ಕೆ ಕಲಸುವುದಲ್ಲ! ಜಾಗರಿ ಅಂತೂ ನಮ್ಮ ಆಲೆಮನೆಯ ಬೆಲ್ಲವೇ. ಪೋರ್ಚುಗೀಸರ ಬಾಯಲ್ಲಿ ಅಷ್ಟು ತಿರುಚಿಕೊಂಡಿದೆ, ಮೂಲದಲ್ಲಿ ಅದೂ ಶರ್ಕರ, ಸಕ್ಕರೆಯ ಬಳಗ. ಏಳಕ್ಷರ, ಬಿಡಿಯಾಗಿ 19 ಅಂಕ. ಮೊದಲ ಆಟವೇ ನಿಮ್ಮದಾಗಿ, ಕೈಲಿರುವ ಏಳೂ ಬಿಲ್ಲೆ ಇದಕ್ಕೇ ಹೊಂದಿ, ಜೆ ಸರಿಯಾಗಿ ಅಕ್ಷರ-ದುಪ್ಪಟ್ಟು ಮನೆ ಮೇಲೆ ಕೂತರೆ 27. ನಡುಮನೆ ಇಡೀ ಪದವನ್ನು ದುಪ್ಪಟ್ಟು ಮಾಡಿ 54. ಏಳೂ ಖಾಲಿ ಮಾಡಿದ್ದಕ್ಕೆ 50. ಒಟ್ಟು 104! ನನ್ನ ಕೈಗೆ ಇವತ್ತು ಬಂದದ್ದು ರಾಗಿ. ಆರ್-ಎ-ಜಿ-ಐ, ಐದೇ ಅಂಕ. ಮಂಡ್ಯದಲ್ಲಿ ಕೂತು ಮುದ್ದೆಗೆ ಈ ಬೆಲೆ ಕಟ್ಟಿಸಿಕೊಳ್ಳುವುದು ಹೊಟ್ಟೆ ಉರಿಯುವ ಸಂಗತಿ.

ಗೆದ್ದದ್ದು ಅವಳೇ. ಕೊನೆಗೆ ಹೊಡೆದದ್ದು ಝಡ್-ಒ. ಅದರ ಅರ್ಥ ಮಾತ್ರ ತಾನಾಗಿ ಕೇಳಿದಳು: ಹಿಮಾಲಯದ ಕಡೆ ಚಮರೀಮೃಗಕ್ಕೂ ಹಸುವಿಗೂ ಹುಟ್ಟುವ ಮಿಶ್ರತಳಿ. ಇದೇ ಪ್ರಾಣಿಯನ್ನು ಡಿ-ಝಡ್-ಒ, ಝಡ್-ಎಚ್-ಒ, ಡಿ-ಎಸ್-ಒ ಅಂತಲೂ ಬರೆಯಬಹುದು, ಕಾಲಿನ್ಸ್ ಪಟ್ಟಿಯಲ್ಲಿ ನಾಲ್ಕೂ ಸರಿ. "ಹಂಗಾದ್ರೆ ಝಡ್ ಇಲ್ದಿದ್ರೂ ಹೊಡೀಬಹುದಾ?" ಅಂದವಳೇ ಡಿ-ಎಸ್-ಒ ಬರೆದುಕೊಂಡಳು. ನಾಳೆ ಅದನ್ನು ನನ್ನ ಮೇಲೇ ಪ್ರಯೋಗಿಸುತ್ತಾಳೆ.