ಆವರಣದೊಳಗಿನ ಬರಗಾಲ

2019ರ ಸೆಪ್ಟೆಂಬರ್ 2ರಿಂದ 13ರವರೆಗೆ ದೆಹಲಿ ಬಳಿಯ ಗ್ರೇಟರ್ ನೋಯ್ಡಾದಲ್ಲಿ ನಡೆದ ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಡಂಬಡಿಕೆಯ 14ನೆಯ ಸಮ್ಮೇಳನಕ್ಕೆ, ಸ್ವಯಂಸೇವಾ ಸಂಸ್ಥೆಯೊಂದರ ವೀಕ್ಷಕರ ತಂಡದಲ್ಲಿ ವಿದ್ಯಾರ್ಥಿ ಪ್ರತಿನಿಧಿಯಾಗಿ ನಾನು ಹೋಗಿದ್ದೆ. ಕಲಬುರಗಿಯಿಂದ ಆಗಿನ್ನೂ ವಿಮಾನ ಸಂಚಾರ ಆರಂಭವಾಗಿರಲಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಭೋಪಾಲ್ ದಾಟುವವರೆಗೂ ಸಾಕಾದವು.

ಮೊದಲ ಬೆಳಿಗ್ಗೆ ಆಟೊದವನು ನನ್ನನ್ನು ಸಮ್ಮೇಳನ ನಡೆಯುವ ಎಕ್ಸ್‌ಪೋ ಮಾರ್ಟ್‌ನ ತಪ್ಪು ಗೇಟಿನಲ್ಲಿ ಇಳಿಸಿ, ಮೀಟರಿಲ್ಲದೆ ಮನಸ್ಸಿಗೆ ಬಂದಷ್ಟು ಹಣ ಕಿತ್ತುಕೊಂಡು ಹೋದ. ಬಿಸಿಲಲ್ಲಿ ಆವರಣವನ್ನು ಸುತ್ತಿ ತಪಾಸಣೆಯ ಸಾಲಿನಲ್ಲಿ ನಿಂತು ಒಳಗೆ ಹೋಗುವಷ್ಟರಲ್ಲಿ ಉದ್ಘಾಟನೆ ಮುಗಿದಿತ್ತು. ಇಂಥ ಸಭೆಗಳಿಗೆ ಹೋಗುವವರು ಗೇಟಿನ ಸಂಖ್ಯೆಯನ್ನು ಹಿಂದಿನ ದಿನವೇ ಬರೆದಿಟ್ಟುಕೊಳ್ಳಬೇಕು.

ಗಣ್ಯರ ಭಾಷಣಗಳು ನನಗೆ ಅಷ್ಟಾಗಿ ರುಚಿಸಲಿಲ್ಲ. 2030ರೊಳಗೆ 2.1 ಕೋಟಿ ಹೆಕ್ಟೇರ್ ಹಾಳುಭೂಮಿಯನ್ನು ಸುಧಾರಿಸುವ ಗುರಿಯನ್ನು 2.6 ಕೋಟಿಗೆ ಏರಿಸುವುದಾಗಿ ಪ್ರಧಾನಿಯವರು ಘೋಷಿಸಿದಾಗ ಚಪ್ಪಾಳೆ ಜೋರಾಗಿತ್ತು. ಆದರೆ ನಿಜವಾದ ಕೆಲಸ ನಡೆಯುತ್ತಿದ್ದುದು ಸಣ್ಣ ಕೋಣೆಗಳಲ್ಲಿ. ಅಲ್ಲಿ ಪರದೆಯ ಮೇಲೆ ಕರಡು ನಿರ್ಣಯ ಮೂಡುತ್ತಿತ್ತು. ಒಪ್ಪಿಗೆಯಾಗದ ಪ್ರತಿಯೊಂದು ಮಾತಿಗೂ ಚೌಕಾಕಾರದ ಆವರಣ ಚಿಹ್ನೆ ಬೀಳುತ್ತಿತ್ತು. ಬರಗಾಲಕ್ಕೆ ಸಂಬಂಧಿಸಿ ಎಲ್ಲ ದೇಶಗಳೂ ಕಾನೂನಿನಂತೆ ಪಾಲಿಸಲೇಬೇಕಾದ ಒಪ್ಪಂದವೇ ಬೇಕೆಂದು ಆಫ್ರಿಕಾದ ದೇಶಗಳು ಪಟ್ಟು ಹಿಡಿದಿದ್ದವು. ಅದು ಬೇಡವೆಂದು ಶ್ರೀಮಂತ ದೇಶಗಳು ವಾದಿಸುತ್ತಿದ್ದವು. ಒಂದು ಆವರಣವನ್ನು ಅಳಿಸಲು ಅಧ್ಯಕ್ಷರು ಕೇಳಿಕೊಂಡಾಗಲೆಲ್ಲ ಮತ್ತೊಂದು ದೇಶದ ನಾಮಫಲಕ ಮೇಲೇಳುತ್ತಿತ್ತು. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕುಳಿತ ನಮಗೆ ಮಾತನಾಡುವ ಹಕ್ಕಿರಲಿಲ್ಲ.

ಚಹಾದ ವೇಳೆಗೆ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ಪ್ರತಿನಿಧಿಯೊಬ್ಬರು ಪರಿಚಯವಾದರು. ನಡುವಯಸ್ಸು ದಾಟಿದ ಅವರ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ತಡವರಿಸುತ್ತಿತ್ತು. ದೊಡ್ಡ ಸಭಾಂಗಣದಲ್ಲಿ ಆರು ಭಾಷೆಗಳಿಗೆ ಅನುವಾದಕರಿದ್ದರೂ ಪಠ್ಯ ತೀರ್ಮಾನವಾಗುವ ಕೋಣೆಯಲ್ಲಿ ಇಂಗ್ಲಿಷ್ ಒಂದೇ ಇರುವುದು ಅವರಿಗೆ ಅಸಮಾಧಾನ ತಂದಿತ್ತು. "ನಾನು ವಾಕ್ಯ ಕಟ್ಟಿಕೊಳ್ಳುವಷ್ಟರಲ್ಲಿ ಅವರು ಮುಂದಿನ ಪ್ಯಾರಾಕ್ಕೆ ಹೋಗಿರುತ್ತಾರೆ," ಎಂದರು. ನಿಮ್ಮ ಕಡೆ ಏನು ಬೆಳೆಯುತ್ತೀರಿ ಎಂದು ಕೇಳಿದಾಗ ತೊಗರಿ ಮತ್ತು ಜೋಳ ಎಂದೆ; ಜೋಳದ ಹೆಸರು ಕೇಳಿ ಅವರ ಮುಖವರಳಿತು. ಅವರೂ ಜೋಳದ ಹಿಟ್ಟಿನ ಗಟ್ಟಿ ಸಂಗಟಿಯನ್ನು ಸೊಪ್ಪಿನ ಸಾರಿನಲ್ಲಿ ಅದ್ದಿ ಕೈಯಿಂದಲೇ ಉಣ್ಣುವವರು.

ಗಟ್ಟಿಯಾದ ಬಂಜರು ನೆಲದಲ್ಲಿ ಬೇಸಿಗೆಯಲ್ಲೇ ಗೇಣಿಗಿಂತ ತುಸು ಅಗಲದ, ಅರ್ಧ ಗೇಣು ಆಳದ ಗುಣಿ ತೋಡಿ, ಗೊಬ್ಬರ ತುಂಬಿ, ಮಳೆ ಬಿದ್ದೊಡನೆ ಬಿತ್ತುವ 'ಜಾಯ್' ಪದ್ಧತಿಯನ್ನು ಅವರು ಕಾಗದದ ಮೇಲೆ ಬರೆದು ತೋರಿಸಿದರು. ಅದನ್ನು ಸುಧಾರಿಸಿ ಬಂಜರಿನಲ್ಲಿ ಕಾಡು ಬೆಳೆಸಿದ ಅವರ ದೇಶದ ರೈತ ಯಾಕುಬಾ ಸವಾಡೋಗೊ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿದೆ. ನಮ್ಮ ಎರೆ ಹೊಲದಲ್ಲಿ ಗುಣಿಗೆ ನೀರು ನಿಂತರೆ ತೊಗರಿಯ ಬೇರು ಕೊಳೆಯುತ್ತದೆ, ಹಾಗಾಗಿ ಒಡ್ಡು ಹಾಕಿ ಕೃಷಿಹೊಂಡಕ್ಕೆ ನೀರು ಹರಿಸುತ್ತೇವೆ ಎಂದೆ. ಅವರು ಒಪ್ಪಿದರು. ಬಳಿಕ, ಬರ ಬಿದ್ದ ವರ್ಷ ನಿಮ್ಮೂರಿನಲ್ಲಿ ಮೊದಲು ಮನೆ ಬಿಡುವವರು ಯಾರು ಎಂದು ಕೇಳಿದರು. ಆಳಂದ ತಾಲ್ಲೂಕಿನ ತಾಂಡಾಗಳಿಂದ ಮಕ್ಕಳು ಮರಿ ಕಟ್ಟಿಕೊಂಡು ಮುಂಬೈಗೆ, ಪುಣೆಗೆ ಗುಳೆ ಹೋಗುವವರ ಬಗ್ಗೆ ಹೇಳಿದೆ. ಅವರ ಕಡೆ ಗಂಡಸರು ಕೋಕೋ ತೋಟದ ಕೂಲಿಗೆ ಐವರಿ ಕೋಸ್ಟ್‌ಗೆ ಹೋಗುತ್ತಾರಂತೆ.

ಕೊನೆಗೆ ಒಪ್ಪಂದ ಕೈಗೂಡದೆ, ಬರಗಾಲವನ್ನು ಅಧ್ಯಯನ ಮಾಡಲು ಅಂತರ ಸರ್ಕಾರಿ ಕಾರ್ಯತಂಡವೊಂದು ಮಾತ್ರ ರಚನೆಯಾಯಿತು. ಇಷ್ಟಕ್ಕೆ ಇಷ್ಟು ದಿನವೇ ಎಂದು ನಾನು ಗೊಣಗಿದಾಗ ಅವರು ನಕ್ಕು, "ತಂಡ ಇದ್ದರೆ ವರದಿ ಬರುತ್ತದೆ, ವರದಿ ಬಂದರೆ ವಿಷಯವನ್ನು ಪಟ್ಟಿಯಿಂದ ತೆಗೆಯಲು ಆಗುವುದಿಲ್ಲ," ಎಂದರು. 2022ರಲ್ಲಿ ಅದೇ ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ನಡೆದ ಮುಂದಿನ ಸಮ್ಮೇಳನದಲ್ಲಿ ವಿಷಯ ಮತ್ತೆ ಚರ್ಚೆಗೆ ಬಂತು. 2024ರ ಡಿಸೆಂಬರ್‌ನಲ್ಲಿ ರಿಯಾದ್‌ನಲ್ಲಿಯೂ ಒಮ್ಮತ ಮೂಡದೆ ಮಂಗೋಲಿಯಾದ ಸಮ್ಮೇಳನಕ್ಕೆ ಮುಂದೆ ಹೋಯಿತು.