ಐಲ್ಯಾಂಡ್ ಪೀಕ್‌ಗೆ ಹೊರಡುವವರೇ, ಬೆಟ್ಟಕ್ಕಿಂತ ಮೊದಲು ಈ ಲೆಕ್ಕ ನೋಡಿ

ನೇಪಾಳದ ಐಲ್ಯಾಂಡ್ ಪೀಕ್ ಹತ್ತಬೇಕು ಅಂದುಕೊಂಡವರು ಮೊದಲು ಹುಡುಕುವುದು ಹಿಮಬಿರುಕು, ಹಿಮಕುಸಿತ, ಚಳಿ ಇವುಗಳ ಬಗ್ಗೆ. ಹುಡುಕಬೇಕಾದದ್ದೇ. 6189 ಮೀಟರ್ ಎತ್ತರದ ಶಿಖರ ಅದು, ಕೊನೆಯ ಮಂಜಿನ ಗೋಡೆಯನ್ನು ಹಗ್ಗ ಹಿಡಿದೇ ಏರಬೇಕು. ಆದರೆ ಹೋಗಿ ಬಂದ ಮೇಲೆ ನನ್ನ ತಲೆಯಲ್ಲಿ ಉಳಿದಿರುವ ವಿಷಯ ಬೇರೆ. ಮೇಲೆ ಹೋಗಬೇಕಾ, ಕೆಳಗೆ ಇಳಿಯಬೇಕಾ, ಹೆಲಿಕಾಪ್ಟರ್ ಕರೆಸಬೇಕಾ ಅಂತ ಅಲ್ಲಿ ನಮಗೆ ಹೇಳುವ ಜನರಲ್ಲಿ ಹಲವರಿಗೆ ಒಂದು ಉತ್ತರದಿಂದ ದುಡ್ಡು ಬರುತ್ತದೆ, ಇನ್ನೊಂದರಿಂದ ಬರುವುದಿಲ್ಲ. ಇದನ್ನು ಹೊರಡುವ ಮುಂಚೆಯೇ ಸರಿ ಮಾಡಿಕೊಳ್ಳಿ. ದಾರಿ, ಪರ್ಮಿಟ್, ದಿನದ ಪಟ್ಟಿ ಇವೆಲ್ಲ ಎಲ್ಲಾ ಕಡೆ ಸಿಗುತ್ತವೆ, ಅದನ್ನು ನಾನು ಬರೆಯುವುದಿಲ್ಲ.

ಡಿಂಗ್ಬೊಚೆಯಲ್ಲಿ ನಡೆದದ್ದು ಹೇಳುತ್ತೇನೆ. ಆ ಊರು 4410 ಮೀಟರ್ ಎತ್ತರದಲ್ಲಿದೆ. ನಮ್ಮ ಜೊತೆಗಿದ್ದ ಒಬ್ಬ ಹುಡುಗನಿಗೆ ಮಧ್ಯಾಹ್ನದಿಂದ ತಲೆನೋವು, ಊಟ ಬೇಡ ಅಂದ. ನಮ್ಮ ಟ್ರೆಕ್ ಲೀಡರ್ ಬಂದು ಒಂದು ನಿಮಿಷ ನೋಡಿದ. "ರಾತ್ರಿ ಸೀರಿಯಸ್ ಆಗಬಹುದು, ಈಗಲೇ ಹೆಲಿಕಾಪ್ಟರ್ ಹೇಳ್ತೀನಿ. ಇನ್ಶೂರೆನ್ಸ್ ಇದೆಯಲ್ಲ, ನಿಮಗೆ ಒಂದು ಪೈಸೆ ಖರ್ಚಿಲ್ಲ" ಅಂದ. ಹುಡುಗ ಮಾತ್ರ ನೆಟ್ಟಗೆ ನಡೆಯುತ್ತಿದ್ದ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿಕೊಂಡು ಒಂದೇ ಗೆರೆಯಲ್ಲಿ ನಡಿ ಅಂದರೆ ನಡೆದ. ಮಾತು ತೊದಲಲಿಲ್ಲ, ಸುಮ್ನೆ ಕೂತಾಗ ಏದುಸಿರು ಇರಲಿಲ್ಲ, ಕೆಮ್ಮೂ ಇರಲಿಲ್ಲ. ನಾವು ಹೆಲಿಕಾಪ್ಟರ್ ಬೇಡ ಅಂದೆವು. ಪಕ್ಕದ ದಿಬ್ಬ ದಾಟಿದರೆ ಫೆರಿಚೆ. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಕ್ಲಿನಿಕ್ ಇದೆ, ವಸಂತ ಮತ್ತು ಶರತ್ಕಾಲದ ಸೀಸನ್‌ನಲ್ಲಿ ಡಾಕ್ಟರ್‌ಗಳು ಇರುತ್ತಾರೆ. ಬೆಳಕಿರುವಾಗಲೇ ಮೆಲ್ಲಗೆ ನಡೆಸಿಕೊಂಡು ಹೋದೆವು.

ಡಾಕ್ಟರ್ ಬೆರಳಿಗೆ ಆಕ್ಸಿಮೀಟರ್ ಹಾಕಿದರು, ಎದೆ ಬೆನ್ನು ಎರಡೂ ಕಡೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ನಡೆಸಿ ನೋಡಿದರು. ಎತ್ತರದಿಂದ ಬಂದ ಸಾಧಾರಣ ತೊಂದರೆ, ತಲೆನೋವು ಪೂರ್ತಿ ಹೋಗುವವರೆಗೆ ಒಂದಡಿಯೂ ಮೇಲೆ ಹೋಗಬೇಡಿ, ಜಾಸ್ತಿಯಾದರೆ ತಕ್ಷಣ ಇಳಿಯಿರಿ ಅಂದರು. ಅವನು ಅಲ್ಲೇ ಉಳಿದ, ಚೇತರಿಸಿಕೊಂಡ, ಆಮೇಲೆ ನಮ್ಮನ್ನು ಸೇರಿಕೊಂಡ. ಕ್ಲಿನಿಕ್‌ನಲ್ಲಿ ಮಧ್ಯಾಹ್ನದ ಹೊತ್ತು ಎತ್ತರದ ಕಾಯಿಲೆ ಬಗ್ಗೆ ಪುಕ್ಕಟೆ ಮಾತುಕತೆ ಇರುತ್ತದೆ. ಅದನ್ನು ಖಂಡಿತ ಕೇಳಿ. ಇಡೀ ದಾರಿಯಲ್ಲಿ ನಿಮ್ಮ ಸಮ್ಮಿಟ್‌ನಿಂದ ಲಾಭವೂ ಇಲ್ಲದ, ನಿಮ್ಮ ಹೆಲಿಕಾಪ್ಟರ್‌ನಿಂದ ಲಾಭವೂ ಇಲ್ಲದ ಒಬ್ಬರ ಸಲಹೆ ಸಿಗುವ ಜಾಗ ಅದು.

ಇದು ನಮಗೊಬ್ಬರಿಗೇ ಆದ ಅನುಭವ ಅಲ್ಲ. ಬೇಡದ ಹೆಲಿಕಾಪ್ಟರ್ ಹಾರಾಟ, ಅದರ ಕಮಿಷನ್, ಒಂದೇ ಹಾರಾಟದಲ್ಲಿ ಹಲವರನ್ನು ತಂದು ಪ್ರತಿಯೊಬ್ಬರ ಇನ್ಶೂರೆನ್ಸ್‌ಗೂ ಪೂರ್ತಿ ಬಿಲ್ ಹಾಕುವುದು, ಇದರ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತು. ಎಲ್ಲ ಗೈಡ್‌ಗಳೂ ಹೀಗೆ ಅಂತ ಖಂಡಿತ ಹೇಳುವುದಿಲ್ಲ. ನಮ್ಮ ಜೊತೆ ಹಗ್ಗ ಕಟ್ಟಿಕೊಂಡು ಹತ್ತಿದ ಶೆರ್ಪಾ ದಾಯಿಗಳನ್ನು (ನೇಪಾಳಿಯಲ್ಲಿ ದಾಯಿ ಅಂದರೆ ಅಣ್ಣ) ನಾನು ಕಣ್ಣುಮುಚ್ಚಿ ನಂಬುತ್ತೇನೆ. ಆದರೆ ಪದ್ಧತಿ ಹೀಗಿದೆ ಅನ್ನುವುದು ಗೊತ್ತಿರಲಿ.

ಉಲ್ಟಾ ತಪ್ಪೂ ಮಾಡಬೇಡಿ. ನಡಿಗೆ ತೂರಾಡುತ್ತಿದ್ದರೆ, ಮಾತು ತಪ್ಪುತ್ತಿದ್ದರೆ ಮಿದುಳಿನಲ್ಲಿ ಊತ ಶುರುವಾಗಿದೆ ಅಂತಲೇ ತಿಳಿಯಿರಿ. ಕೂತಲ್ಲೇ ಉಸಿರು ಕಟ್ಟುತ್ತಿದ್ದರೆ, ಎದೆಯಲ್ಲಿ ಗುರುಗುರು ಸದ್ದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಆಗ ಹೆಲಿಕಾಪ್ಟರ್ ಬರಲಿ ಅಂತ ಬೆಳಗಿನವರೆಗೆ ಕಾಯಬಾರದು. ರಾತ್ರಿ, ಮೋಡ ಅಂದರೆ ಅದು ಬರುವ ನಂಬಿಕೆ ಇಲ್ಲ. ಟಾರ್ಚ್ ಹಾಕಿಕೊಂಡಾದರೂ ಆಗಲೇ ಇಳಿಸಿ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ವಿಶ್ರಾಂತಿ ದಿನ ಬೇಕು. ಇದನ್ನು ಮುರಿಯುವ ಪಟ್ಟಿ ಕೊಡುವ ಏಜೆನ್ಸಿ ಎಷ್ಟು ಅಗ್ಗವಾದರೂ ಬೇಡ.

ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಎಷ್ಟು ಎತ್ತರದವರೆಗೆ ಅನ್ವಯ? ಹಗ್ಗ, ಐಸ್ ಆಕ್ಸ್, ಕ್ರಾಂಪಾನ್ (ಬೂಟಿನಡಿ ಕಟ್ಟುವ ಲೋಹದ ಮುಳ್ಳು) ಬಳಸಿದರೂ ಅನ್ವಯವಾ? ಹೆಲಿಕಾಪ್ಟರ್‌ಗೆ ಯಾರು ಒಪ್ಪಿಗೆ ಕೊಡಬೇಕು? ಟ್ರೆಕಿಂಗ್ ಪಾಲಿಸಿ ಅಂತ ಮಾರುವ ಎಷ್ಟೋ ಪಾಲಿಸಿಗಳು ಐಲ್ಯಾಂಡ್ ಪೀಕ್‌ನ ಬುಡಕ್ಕೇ ಮುಗಿದುಹೋಗುತ್ತವೆ. ಪಾಲಿಸಿ ನಂಬರ್, ಕಂಪನಿಯ ಇಪ್ಪತ್ನಾಲ್ಕು ಗಂಟೆಯ ಫೋನ್ ನಂಬರ್ ನಿಮ್ಮ ಜೇಬಿನಲ್ಲೇ ಇರಲಿ, ಲೀಡರ್ ಹತ್ತಿರ ಮಾತ್ರ ಇದ್ದರೆ ಸಾಲದು.

ಇಡೀ ಪ್ರವಾಸದಲ್ಲಿ ನನಗೆ ನಿಜವಾಗಿ ಜೀವಭಯ ಆದದ್ದು ಬೆಟ್ಟದಲ್ಲಲ್ಲ, ಜೀಪಿನಲ್ಲಿ. ಸೀಸನ್‌ನಲ್ಲಿ, ನಡಿಗೆ ಶುರುವಾಗುವ ಲುಕ್ಲಾಕ್ಕೆ ಹೋಗುವ ಹೆಚ್ಚಿನ ವಿಮಾನಗಳು ಕಠ್ಮಂಡುವಿನಿಂದ ಹೊರಡುವುದಿಲ್ಲ, ರಾಮೆಛಾಪ್ ಜಿಲ್ಲೆಯ ಮಂಥಲಿಯಿಂದ ಹೊರಡುತ್ತವೆ. ರಸ್ತೆಯಲ್ಲಿ ನಾಲ್ಕೈದು ಗಂಟೆ. ಬೆಳಗಿನ ವಿಮಾನ ಹಿಡಿಯಲು ಏಜೆನ್ಸಿಗಳು ಮಧ್ಯರಾತ್ರಿ ದಾಟಿದ ಮೇಲೆ ಜನರನ್ನು ಎಬ್ಬಿಸಿ ಜೀಪಿಗೆ ತುಂಬುತ್ತವೆ. ಧುಲಿಖೇಲ್ ದಾಟಿದ ಮೇಲೆ ಬಿಪಿ ಹೆದ್ದಾರಿ, ಬಹಳ ಕಡೆ ಕಿರಿದು, ತಿರುವಿನ ಮೇಲೆ ತಿರುವು. 2024ರ ಸೆಪ್ಟೆಂಬರ್‌ನ ಪ್ರವಾಹದಲ್ಲಿ ಆ ರಸ್ತೆ ಭಾರೀ ಹಾಳಾಗಿತ್ತು. ನಮ್ಮ ಜೀಪಿನ ಹಿಂದಿನ ಸೀಟುಗಳಲ್ಲಿ ಬೆಲ್ಟ್ ಸೀಟ್ ಕವರ್ ಒಳಗೆ ಹೊಲಿದು ಹೋಗಿತ್ತು. ಡ್ರೈವರ್ ಹಿಂದಿನ ರಾತ್ರಿಯೂ ಇದೇ ದಾರಿ ಓಡಿಸಿದವನು. ಕನ್ನಡಿಯಲ್ಲಿ ಅವನ ಕಣ್ಣು ಕಾಣುತ್ತಿತ್ತು. ರೆಪ್ಪೆ ಮುಚ್ಚುವುದು, ಗಾಡಿ ಬಲಕ್ಕೆ ಜಾರುವುದು, ಬೆಚ್ಚಿ ಸ್ಟೀರಿಂಗ್ ಎಳೆಯುವುದು. ಕೆಳಗೆ ನದಿ. ನಾನು ಮುಂದಿನ ಸೀಟಿಗೆ ಹೋಗಿ ಕೂತು ಬರುವ ಹಿಂದಿಯಲ್ಲಿ ಅವನ ಮಕ್ಕಳ ಸ್ಕೂಲಿನ ಬಗ್ಗೆ, ಊರಿನ ಬಗ್ಗೆ ಕೇಳುತ್ತಾ ಹೋದೆ. ಎರಡು ಕಡೆ ಗಾಡಿ ನಿಲ್ಲಿಸಿ ಮುಖ ತೊಳೆಸಿದೆವು. ಪಾಪ, ಅವನದೇನೂ ತಪ್ಪಿಲ್ಲ, ಅವನಿಗೆ ನಿದ್ದೆಗೆ ಬಿಡುವೇ ಕೊಟ್ಟಿರಲಿಲ್ಲ.

ಆದ್ದರಿಂದ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಹಿಂದಿನ ದಿನ ಹಗಲಿನಲ್ಲೇ ಮಂಥಲಿಗೆ ಹೋಗಿ ಮಲಗಿ. ಮಂಥಲಿ ತಗ್ಗಿನ ಊರು, ಸೆಕೆ, ಸೊಳ್ಳೆ, ರೂಮು ಚೆನ್ನಾಗಿರುವುದಿಲ್ಲ, ಬಾಡಿಗೆ ಅದರ ಯೋಗ್ಯತೆಗೆ ಜಾಸ್ತಿಯೇ. ಆದರೂ ಕೊಡಿ.

ಈಗ ಒಂದು ಒಳ್ಳೆಯ ಮಾತು. ಲುಕ್ಲಾದಿಂದ ಮೇಲೆ ಹೋಗುವಾಗ, ಫಾಕ್ಡಿಂಗ್‌ನಿಂದ ಮೊಂಜೊ ಕಡೆ ಹೋಗುವ ದಾರಿಯಲ್ಲಿ ಬೋರ್ಡೇ ಇಲ್ಲದ ಒಂದು ಮನೆ ಹೋಟೆಲ್. ಹೊರಗೆ ಕಲ್ಲುಕಟ್ಟೆಯ ಮೇಲೆ ಹಮಾಲರ ಬುಟ್ಟಿಗಳು ಸಾಲಾಗಿ ನಿಂತಿರುತ್ತವೆ, ಅದೇ ಗುರುತು. ಒಳಗೆ ಒಬ್ಬ ದೀದಿ, ಒಂದು ಸೌದೆ ಒಲೆ, ಎರಡು ಬೆಂಚು. ಅಲ್ಲಿ ರಿಕಿಕುರ್ ತಿನ್ನಿ. ಆಲೂಗಡ್ಡೆಯನ್ನು ನೀವು ಹೇಳಿದ ಮೇಲೆಯೇ ತುರಿಯುತ್ತಾರೆ. ಸ್ವಲ್ಪ ಹಿಟ್ಟು ಕಲಸಿ, ಕಬ್ಬಿಣದ ಕಾವಲಿಯ ಮೇಲೆ ಕೈಯಲ್ಲೇ ತಟ್ಟಿ, ಮೆಲ್ಲಗೆ ಬೇಯಿಸುತ್ತಾರೆ. ಅಂಚು ಕಂದು ಬಣ್ಣಕ್ಕೆ ತಿರುಗಿ ಗರಿಗರಿ ಆಗುತ್ತದೆ, ನಡುವೆ ಮೆತ್ತಗೆ. ಮೇಲೆ ಒಂದು ಗಡ್ಡೆ ಬೆಣ್ಣೆ, ಪಕ್ಕದಲ್ಲಿ ಮೆಣಸಿನಕಾಯಿ ಅರೆದ ಖಾರ. ಬೆಣ್ಣೆ ಕರಗಿ ತಟ್ಟೆಗೆ ಇಳಿಯುವಷ್ಟರಲ್ಲಿ ನಮ್ಮದು ಮುಗಿದಿತ್ತು, ಇನ್ನೊಂದು ಹೇಳಿದೆವು. ದೀದಿ ಮೊದಲು ಹಮಾಲರಿಗೆ ಬಡಿಸಿ, ಆಮೇಲೆ ನಮಗೆ ಕೊಟ್ಟರು. ಭಾರ ಹೊತ್ತವರಿಗೆ ಹೊತ್ತಾಗಬಾರದಲ್ಲ ಅಂದರು. ಆ ಮಾತಿಗೇ ನನಗೆ ಹೊಟ್ಟೆ ತುಂಬಿತು. ಬೆಲೆ ಪಕ್ಕದ ದೊಡ್ಡ ಲಾಡ್ಜಿನ ಒಂದು ಕಾಫಿಗಿಂತ ಕಡಿಮೆ. ಬರುವಾಗಲೂ ಅಲ್ಲೇ ತಿಂದೆವು.

ಊಟದ ವಿಷಯವೂ ಸುರಕ್ಷತೆಯದ್ದೇ. ಎವರೆಸ್ಟ್ ಸುತ್ತಲಿನ ಈ ಖುಂಬು ಪ್ರದೇಶದಲ್ಲಿ ಪ್ರಾಣಿ ಕಡಿಯುವ ವಾಡಿಕೆ ಇಲ್ಲ, ಮಾಂಸ ಕೆಳಗಿನಿಂದ ಬೆನ್ನಮೇಲೆ ಹೊತ್ತು ಬರುತ್ತದೆ, ದಿನಗಟ್ಟಲೆ ದಾರಿಯಲ್ಲಿರುತ್ತದೆ. ದಾರಿಯ ದೊಡ್ಡ ಊರು ನಾಮ್ಚೆ ದಾಟಿದ ಮೇಲೆ ಮಾಂಸ ಬಿಡಿ. ಬೇಧಿ ಹಿಡಿದರೆ ದೇಹದ ನೀರು ಹೋಗುತ್ತದೆ, ತಲೆನೋವು ಬರುತ್ತದೆ, ಆಗ ಅದು ಹೊಟ್ಟೆಯದ್ದಾ ಎತ್ತರದ್ದಾ ಅಂತ ಯಾರಿಗೂ ಗೊತ್ತಾಗುವುದಿಲ್ಲ. ದಾಲ್ ಭಾತ್ ಬಿಸಿಯಾಗಿ ಸಿಗುತ್ತದೆ, ಮತ್ತೆ ಮತ್ತೆ ಬಡಿಸುತ್ತಾರೆ.

ಗೈಡ್ ಲೆಕ್ಕಕ್ಕೆ ಬರುತ್ತೇನೆ. ನಮ್ಮ ಏಜೆನ್ಸಿ ಮಾತಿನಲ್ಲಿ ಹೇಳಿದ್ದು ಇಬ್ಬರಿಗೆ ಒಬ್ಬ ಕ್ಲೈಂಬಿಂಗ್ ಗೈಡ್ ಅಂತ. ಬೆಟ್ಟಕ್ಕೆ ಮೊದಲಿನ ಕೊನೆಯ ಊರು ಚುಕುಂಗ್‌ಗೆ ಹೋದ ಮೇಲೆ ಗೊತ್ತಾಯ್ತು, ಇಡೀ ಗುಂಪಿಗೆ ಒಬ್ಬನೇ. ಟ್ರೆಕ್ ಲೀಡರ್‌ನನ್ನೂ ಸೇರಿಸಿ ಲೆಕ್ಕ ಹಾಕಿದ್ದರು, ಅವನಿಗೆ ಕ್ರಾಂಪಾನ್ ಹಾಕಿ ಗೊತ್ತಿರಲಿಲ್ಲ. ನಾವು ಅಲ್ಲೇ ಇನ್ನೊಬ್ಬ ಲೈಸೆನ್ಸ್ ಇರುವ ಗೈಡ್‌ನನ್ನು ಸ್ವಂತ ದುಡ್ಡಿನಲ್ಲಿ ಗೊತ್ತು ಮಾಡಿಕೊಂಡೆವು. ಏಜೆನ್ಸಿ ಆ ದುಡ್ಡು ಇವತ್ತಿಗೂ ವಾಪಸ್ ಕೊಟ್ಟಿಲ್ಲ. ಆದರೆ ಕ್ರಾಂಪಾನ್ ಕಟ್ಟುವ ಜಾಗದಲ್ಲಿ ನಮ್ಮ ಜೊತೆಗಿದ್ದ ಒಬ್ಬರಿಗೆ ಕಾಲ್ಬೆರಳು ಮರಗಟ್ಟಿ ವಾಪಸ್ ಹೊರಟಾಗ ಒಬ್ಬ ಗೈಡ್ ಅವರ ಜೊತೆ ಇಳಿದ, ಇನ್ನೊಬ್ಬ ನಮ್ಮ ಜೊತೆ ಉಳಿದ. ಒಬ್ಬನೇ ಇದ್ದಿದ್ದರೆ ಅವರು ಕತ್ತಲಲ್ಲಿ ಒಂಟಿಯಾಗಿ ಇಳಿಯಬೇಕಿತ್ತು, ಇಲ್ಲವೇ ನಾವು ಗೈಡ್ ಇಲ್ಲದೆ ಹಿಮನದಿಗೆ ಕಾಲಿಡಬೇಕಿತ್ತು. ಗೈಡ್‌ಗಳ ಹೆಸರು, ಲೈಸೆನ್ಸ್, ಎಷ್ಟು ಜನಕ್ಕೆ ಎಷ್ಟು ಮಂದಿ, ಇವು ಮುಂಗಡ ಕಟ್ಟುವ ಮೊದಲು ಕಾಗದದಲ್ಲಿ ಇರಲೇಬೇಕು.

ಬಾಡಿಗೆ ಸಾಮಾನು ಹಗಲು ಬೆಳಕಿನಲ್ಲಿ ನೋಡಿ ತೆಗೆದುಕೊಳ್ಳಿ. ನನಗೆ ಮೊದಲು ಕೊಟ್ಟ ಹಾರ್ನೆಸ್‌ನ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಮುಂದಿನ ಬಿಲೇ ಲೂಪ್, ಅಂದರೆ ಭಾರ ಹೊರುವ ಕುಣಿಕೆ, ಮೂಲದಲ್ಲಿ ಕೆಂಪು ಇದ್ದದ್ದು ಬಿಳಿಚಿ ತಿಳಿಗುಲಾಬಿ ಆಗಿತ್ತು. ಮಡಚಿ ನೋಡಿದರೆ ಒಳಗಿನ ಮಡಿಕೆಯಲ್ಲಿ ಎಳೆಗಳು ಎದ್ದು ನವಿರು ನವಿರಾಗಿದ್ದವು. ತಯಾರಿಕೆಯ ದಿನಾಂಕದ ಚೀಟಿಯನ್ನು ಕತ್ತರಿಸಿ ತೆಗೆದಿದ್ದರು. ನೈಲಾನ್ ಬಿಸಿಲಿಗೆ ಸವೆಯುತ್ತದೆ, ಬಳಸದೇ ಇಟ್ಟರೂ ಹತ್ತು ವರ್ಷಕ್ಕಿಂತ ಹೆಚ್ಚು ಬೇಡ ಅಂತ ಹೆಚ್ಚಿನ ತಯಾರಕರೇ ಹೇಳುತ್ತಾರೆ. ವಾಪಸ್ ಕೊಟ್ಟು ಬೇರೆ ಕೇಳಿದೆ, ಗೊಣಗುತ್ತಲೇ ಹೊಸದು ತಂದರು. ಕ್ರಾಂಪಾನ್ ಬೂಟಿಗೆ ಹಾಕಿ, ಕಾಲೆತ್ತಿ ಜೋರಾಗಿ ಕೊಡವಿ ನೋಡಿ, ಅಲ್ಲಾಡಬಾರದು. ಕ್ಯಾರಬೀನರ್‌ನ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ) ಲಾಕ್ ಗ್ಲೌಸ್ ಹಾಕಿಕೊಂಡೇ ತಿರುಗಿಸಿ ಅಭ್ಯಾಸ ಮಾಡಿ. ಬೇಸ್ ಕ್ಯಾಂಪ್‌ನಲ್ಲಿ ಜುಮಾರ್‌ನಲ್ಲಿ (ಹಗ್ಗದ ಮೇಲೆ ಮೇಲಕ್ಕಷ್ಟೇ ಜಾರುವ ಹಿಡಿಕೆ) ಏರುವುದು, ಫಿಗರ್ ಎಯ್ಟ್‌ನಲ್ಲಿ (ಹಗ್ಗ ಹಿಡಿದು ಇಳಿಯುವ ಎಂಟರ ಆಕಾರದ ಸಾಧನ) ಇಳಿಯುವುದು ಎರಡನ್ನೂ ಹಗ್ಗ ಕಟ್ಟಿ ಮಾಡಿಸಿ ಅಂತ ಹಟ ಹಿಡಿಯಿರಿ. ಸಂಜೆ ಚಹಾದ ಮೇಲೆ ಐದು ನಿಮಿಷ ತೋರಿಸಿದರೆ ಸಾಲದು.

ಮೇಲಿನ ಗೋಡೆಯಲ್ಲಿ ಹಳೆಯ ಹಗ್ಗ, ಹೊಸ ಹಗ್ಗ ಎರಡೂ ಹೆಣೆದುಕೊಂಡಿರುತ್ತವೆ. ಯಾವುದಕ್ಕೆ ಜುಮಾರ್ ಹಾಕಬೇಕು ಅಂತ ಗೈಡ್‌ನನ್ನು ಕೇಳದೆ ಕೈ ಹಾಕಬೇಡಿ. ಹಗ್ಗ ಬದಲಿಸುವಾಗ ಒಂದನ್ನು ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ. ಅಕ್ಟೋಬರ್‌ನಲ್ಲಿ ಆ ಗೋಡೆಗೆ ಕ್ಯೂ ಇರುತ್ತದೆ. ನನಗೆ ಗುಂಪು ಅಂದರೆ ಆಗುವುದೇ ಇಲ್ಲ, ಬಸ್ ಸ್ಟ್ಯಾಂಡಿನಲ್ಲೂ ಆಗುವುದಿಲ್ಲ. ಇಳಿಯುವವರು, ಏರುವವರು ಒಂದೇ ಜಾಗದಲ್ಲಿ ನಿಂತು ನಡುಗುವುದು ನನಗೆ ಸರಿ ಕಾಣಲಿಲ್ಲ. ನವೆಂಬರ್ ನಡುವಿನ ನಂತರ ಚಳಿ ಜಾಸ್ತಿ, ಆದರೆ ಜನ ಕಡಿಮೆ. ಒಳ್ಳೆಯ ಬೂಟು ಇದ್ದರೆ ನಾನು ಅದನ್ನೇ ಹೇಳುತ್ತೇನೆ.

ಇನ್ನು ಬೋನಸ್. ಶಿಖರ ಮುಟ್ಟಿದರೆ ಕ್ಲೈಂಬಿಂಗ್ ಗೈಡ್‌ಗೆ ಸಮ್ಮಿಟ್ ಬೋನಸ್ ಅಂತ ಕೊಡುವ ರೂಢಿ ಇದೆ. ನೋಡಿ, ವಾಪಸ್ ಹೋಗೋಣ ಅಂತ ಹೇಳಬೇಕಾದ ಮನುಷ್ಯನಿಗೆ ಹಾಗೆ ಹೇಳಿದರೆ ದುಡ್ಡು ತಪ್ಪುತ್ತದೆ! ಇದು ನನಗೆ ತೀರಾ ಅನ್ಯಾಯ ಅನ್ನಿಸಿತು, ಅವರಿಗೂ ನಮಗೂ. ನಾವು ಚುಕುಂಗ್‌ನಲ್ಲೇ ಇಬ್ಬರು ಗೈಡ್‌ಗಳನ್ನೂ ಕೂರಿಸಿಕೊಂಡು ಹೇಳಿದೆವು: ದಾಯಿ, ಎಲ್ಲಿಂದ ತಿರುಗಿದರೂ ಬೋನಸ್ ಪೂರ್ತಿ, ಇಂತಿಷ್ಟು ಹೊತ್ತಿಗೆ ತುದಿ ಮುಟ್ಟದಿದ್ದರೆ ಎಲ್ಲರೂ ವಾಪಸ್. ಅವರ ಮುಖ ಸಡಿಲವಾದದ್ದು ಕಣ್ಣಿಗೆ ಕಂಡಿತು. ಆಮೇಲೆ ದಾರಿಯುದ್ದಕ್ಕೂ ಅವರು ಗಾಳಿಯ ಬಗ್ಗೆ, ನಮ್ಮ ನಡಿಗೆಯ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಕಾಲು ಮರಗಟ್ಟಿದವರನ್ನು ವಾಪಸ್ ಕಳಿಸುವ ಮಾತು ಮೊದಲು ಬಂದದ್ದೂ ಅವರ ಬಾಯಿಂದಲೇ.

ಕೊನೆಯದು, ಹೆಚ್ಚುವರಿ ದಿನ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಹೊಡೆದ ಹುದ್‌ಹುದ್ ಚಂಡಮಾರುತದ ಉಳಿಕೆಯೇ ಅನ್ನಪೂರ್ಣ ಕಡೆ ಭಾರೀ ಹಿಮ ಸುರಿಸಿ 40ಕ್ಕೂ ಹೆಚ್ಚು ಜನ ಸತ್ತರು. ಬಂಗಾಳ ಕೊಲ್ಲಿಯಲ್ಲಿ ಏನಾಗುತ್ತಿದೆ ಅಂತ ಹತ್ತುವ ವಾರ ನೋಡುತ್ತಿರಿ. 2025ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನ ಗಲಾಟೆಗೆ ವಿಮಾನ ನಿಲ್ದಾಣವೇ ಮುಚ್ಚಿತ್ತು. ಲುಕ್ಲಾದ ರನ್‌ವೇ 527 ಮೀಟರ್ ಉದ್ದ, ಒಂದು ತುದಿಗೆ ಬೆಟ್ಟ, ಇನ್ನೊಂದು ತುದಿಗೆ ಕಣಿವೆ. ಪೈಲಟ್ ಕಣ್ಣಿಗೆ ಕಂಡರೆ ಮಾತ್ರ ಹಾರಾಟ. ಮೋಡ ಕವಿದ ದಿನ ಜನ ಆಫೀಸು ತಪ್ಪುತ್ತದೆ, ಕನೆಕ್ಟಿಂಗ್ ಫ್ಲೈಟ್ ತಪ್ಪುತ್ತದೆ ಅಂತ ಕೌಂಟರ್‌ನಲ್ಲಿ ಕೂಗಾಡುವುದನ್ನು ಕಂಡೆ. ಹಾಗೆ ಕೂಗಿ ಹಾರಿಸಿಕೊಳ್ಳುವ ವಿಮಾನದಲ್ಲಿ ನೀವು ಕೂರಬಾರದು. ವಾಪಸ್ ಟಿಕೆಟ್‌ಗೂ ಲುಕ್ಲಾದಿಂದ ಹೊರಡುವ ದಿನಕ್ಕೂ ನಡುವೆ ಮೂರು ದಿನವಾದರೂ ಖಾಲಿ ಬಿಡಿ. ದುಡ್ಡು ಜಾಸ್ತಿಯಾದರೂ ದಿನಾಂಕ ಬದಲಿಸಲು ಬಿಡುವ ಟಿಕೆಟ್ಟನ್ನೇ ತಗೊಳ್ಳಿ.